ಮಕ್ಕಳಲ್ಲಿ ಕರುಳಿನ ಉರಿಯೂತ: ಅದರ ಸ್ವರೂಪ ಮತ್ತು ಮುನ್ನಡೆ



ಊರು ಬಿಟ್ಟು ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದು, ದೆಹಲಿಗಳಲ್ಲಿ ನೆಲೆಸಿರುವ ಕನ್ನಡಿಗರ ಮನೆಗಳಲ್ಲಿ ಮಗುವಿನ ಹೊಟ್ಟೆ ಕೆಟ್ಟಾಗ ಮೊದಲು ಕೇಳಿಬರುವ ಮಾತು ‘ಇಲ್ಲಿಯ ನೀರು ಒಗ್ಗಲಿಲ್ಲ’ ಎಂಬುದು. ಬಹುಪಾಲು ಸಂದರ್ಭಗಳಲ್ಲಿ ಈ ಮಾತು ಸುಳ್ಳಲ್ಲ. ನೀರಿನಿಂದಲೋ ಆಹಾರದಿಂದಲೋ ತಗಲಿದ ಸೋಂಕಿನ ಭೇದಿ ಒಂದೆರಡು ವಾರಗಳಲ್ಲಿ ಇಳಿದು, ಮಗು ಮತ್ತೆ ಲವಲವಿಕೆಯಿಂದ ಓಡಾಡತೊಡಗುತ್ತದೆ. ಆದರೆ ನಾಲ್ಕು ವಾರಗಳು ಕಳೆದರೂ ಭೇದಿ ನಿಲ್ಲದಿದ್ದರೆ, ನಿಂತದ್ದು ಮರಳಿ ಮರಳಿ ಕಾಣಿಸಿಕೊಂಡರೆ, ಮಲದಲ್ಲಿ ರಕ್ತ ಬೀಳುತ್ತಿದ್ದರೆ, ಇಲ್ಲವೆ ತಿಂದ ಅನ್ನ ಮೈಗೆ ಹತ್ತದೆ ಮಗು ಬೆಳೆಯದೆ ನಿಂತರೆ, ನೀರನ್ನು ದೂರಿ ಸುಮ್ಮನಿರುವುದು ತರವಲ್ಲ. ಅಂಥ ಮಕ್ಕಳಲ್ಲಿ ಕೆಲವರಿಗೆ ಇರುವುದು ಕರುಳಿನ ದೀರ್ಘಕಾಲಿಕ ಉರಿಯೂತದ ಕಾಯಿಲೆ. ಅದರ ಸ್ವರೂಪವೇನು, ಅದು ಮಗುವಿನ ಶರೀರದಲ್ಲಿ ಹೇಗೆ ಮುಂದುವರಿಯುತ್ತದೆ, ಅದನ್ನು ಎಲ್ಲಿ ತಡೆಯಲು ಸಾಧ್ಯ ಎಂಬುದು ಇಂದಿನ ಭಾಷಣದ ವಿಷಯ.

ಉರಿಯೂತವೆಂಬುದು ಮೂಲತಃ ಶರೀರದ ಶತ್ರುವಲ್ಲ. ಕಾಲಿಗೆ ಮುಳ್ಳು ಚುಚ್ಚಿದಾಗ ಆ ಜಾಗ ಕೆಂಪಾಗಿ, ಬಿಸಿಯಾಗಿ ಊದಿಕೊಳ್ಳುತ್ತದೆ. ರಕ್ತದ ಬಿಳಿಯ ಕಣಗಳು ಅಲ್ಲಿ ನೆರೆದು ರೋಗಾಣುಗಳನ್ನು ಎದುರಿಸುತ್ತವೆ. ಕೆಲಸ ಮುಗಿದೊಡನೆ ಊತ ಇಳಿಯುತ್ತದೆ. ಕರುಳಿನ ಉರಿಯೂತದ ಕಾಯಿಲೆಯಲ್ಲಿ ಈ ಕೊನೆಯ ಹೆಜ್ಜೆ ತಪ್ಪಿಹೋಗಿರುತ್ತದೆ. ಕರುಳಿನಲ್ಲಿ ಸದಾ ವಾಸಿಸುವ ನಿರುಪದ್ರವಿ ಸೂಕ್ಷ್ಮಜೀವಿಗಳನ್ನೇ ಶತ್ರುಗಳೆಂದು ಬಗೆದು ರಕ್ಷಣಾ ವ್ಯವಸ್ಥೆಯು ಕಾದಾಟವನ್ನು ನಿಲ್ಲಿಸದೆ ನಡೆಸುತ್ತದೆ. ಆ ಕಾದಾಟದಲ್ಲಿ ಗಾಯಗೊಳ್ಳುವುದು ಕರುಳಿನ ಗೋಡೆ.

ಈ ಕಾಯಿಲೆಯಲ್ಲಿ ಮುಖ್ಯವಾಗಿ ಎರಡು ಬಗೆಗಳಿವೆ. ಅಲ್ಸರೇಟಿವ್ ಕೊಲೈಟಿಸ್ ಎಂಬುದು ದೊಡ್ಡ ಕರುಳಿಗೆ ಮಾತ್ರ ಸೀಮಿತ. ಅದು ಗುದದ ಬಳಿ ಆರಂಭವಾಗಿ ನಡುವೆ ಎಡೆಬಿಡದೆ ಮೇಲಕ್ಕೆ ಹಬ್ಬುತ್ತದೆ. ಕರುಳಿನ ಒಳಪದರವನ್ನಷ್ಟೇ ಹುಣ್ಣಾಗಿಸುತ್ತದೆ. ಕ್ರೋನ್ಸ್ ಕಾಯಿಲೆಗೆ ಅಂಥ ಗಡಿಗಳಿಲ್ಲ. ಬಾಯಿಯಿಂದ ಗುದದ್ವಾರದವರೆಗೆ ಎಲ್ಲಿ ಬೇಕಾದರೂ, ಒಂದು ಕಡೆ ಹುಣ್ಣು, ಮುಂದೆ ಒಂದಷ್ಟು ದೂರ ಆರೋಗ್ಯವಾದ ಕರುಳು, ಮತ್ತೆ ಹುಣ್ಣು ಎಂಬಂತೆ ತುಂಡುತುಂಡಾಗಿ ಅದು ಕಾಣಿಸಿಕೊಳ್ಳಬಹುದು. ಸಣ್ಣ ಕರುಳಿನ ಕೊನೆಯ ಭಾಗ ಅದರ ಮೆಚ್ಚಿನ ಠಾವು. ಅದು ಗೋಡೆಯ ಎಲ್ಲ ಪದರಗಳನ್ನೂ ಕೊರೆಯುತ್ತದೆ ಎಂಬುದನ್ನು ಇಲ್ಲಿಯೇ ನೆನಪಿಟ್ಟುಕೊಳ್ಳಬೇಕು. ಮುಂದೆ ಬರುವ ತೊಡಕುಗಳೆಲ್ಲ ಅದರಿಂದಲೇ ಹುಟ್ಟುತ್ತವೆ. ಕೆಲವು ಮಕ್ಕಳಲ್ಲಿ, ವಿಶೇಷವಾಗಿ ಚಿಕ್ಕವರಲ್ಲಿ, ಇವೆರಡರಲ್ಲಿ ಯಾವುದೆಂದು ಆರಂಭದಲ್ಲಿ ಹೇಳಲು ಬರುವುದಿಲ್ಲ.

ಹೆಸರಿನ ಈ ಗೊಂದಲ ಹೊಸದೇನೂ ಅಲ್ಲ. ಲಂಡನ್ನಿನ ವೈದ್ಯ ಸ್ಯಾಮ್ಯುಯೆಲ್ ವಿಲ್ಕ್ಸ್ 1859ರಲ್ಲಿ ಮೃತಳಾದ ಮಹಿಳೆಯೊಬ್ಬಳ ಕರುಳನ್ನು ಪರೀಕ್ಷಿಸಿ ಬರೆದ ವರದಿಯಿಂದ ಅಲ್ಸರೇಟಿವ್ ಕೊಲೈಟಿಸ್ ಎಂಬ ಹೆಸರು ಬಳಕೆಗೆ ಬಂದಿತು. ಆ ವರದಿಯನ್ನು ಬಹುಕಾಲದ ಮೇಲೆ ಮತ್ತೆ ಓದಿದವರು, ಆಕೆಗೆ ಇದ್ದದ್ದು ಬಹುಶಃ ಕ್ರೋನ್ಸ್ ಕಾಯಿಲೆ ಎಂದು ಅಭಿಪ್ರಾಯಪಟ್ಟಿದ್ದಾರೆ! ಕ್ರೋನ್ಸ್ ಎಂಬ ಹೆಸರು ಬಂದದ್ದು 1932ರಲ್ಲಿ, ನ್ಯೂಯಾರ್ಕಿನ ಮೌಂಟ್ ಸೈನಾಯ್ ಆಸ್ಪತ್ರೆಯ ಬರ್ರಿಲ್ ಕ್ರೋನ್, ಲಿಯೋನ್ ಗಿನ್ಸ್‌ಬರ್ಗ್ ಮತ್ತು ಗಾರ್ಡನ್ ಓಪನ್‌ಹೈಮರ್ ಎಂಬ ಮೂವರು ಪ್ರಕಟಿಸಿದ ಲೇಖನದಿಂದ. ಇದು ಹೆಚ್ಚಾಗಿ ಎಳೆಯ ವಯಸ್ಕರನ್ನು ಬಾಧಿಸುವ ರೋಗವೆಂದು ಆ ಲೇಖನವೇ ಹೇಳಿತ್ತು. ಪಾಶ್ಚಾತ್ಯ ದೇಶಗಳ ಲೆಕ್ಕದಂತೆ, ಒಟ್ಟು ರೋಗಿಗಳಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ 20 ವರ್ಷ ತುಂಬುವ ಮೊದಲೇ ಕಾಯಿಲೆ ಆರಂಭವಾಗುತ್ತದೆ. ಮಕ್ಕಳ ಪೈಕಿ ಹತ್ತು ವರ್ಷ ದಾಟಿ ಹರೆಯಕ್ಕೆ ಕಾಲಿಡುತ್ತಿರುವವರೇ ಹೆಚ್ಚು.

ಇದು ಬಿಳಿಯರ ರೋಗ, ನಮ್ಮಲ್ಲಿಲ್ಲ ಎಂಬ ನಂಬಿಕೆ ಬಹುಕಾಲ ಇತ್ತು. ಪಂಜಾಬಿನಲ್ಲಿ ಅಜಿತ್ ಸೂದ್ ಮತ್ತು ಅವರ ಸಂಗಡಿಗರು ಮನೆಮನೆಗೆ ಹೋಗಿ 51,910 ಜನರನ್ನು ವಿಚಾರಿಸಿ ನಡೆಸಿದ ಸಮೀಕ್ಷೆಯು 2003ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ಅಲ್ಲಿ ಒಂದು ಲಕ್ಷ ಜನರಿಗೆ 44 ಮಂದಿ ಅಲ್ಸರೇಟಿವ್ ಕೊಲೈಟಿಸ್ ರೋಗಿಗಳಿದ್ದರು. ಇದು ಎಲ್ಲ ವಯಸ್ಸಿನವರನ್ನೂ ಸೇರಿಸಿದ ಸಂಖ್ಯೆ. ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತದಲ್ಲಿ ಕಂಡುಬಂದದ್ದು ಇನ್ನೂ ಯೋಚನೆಗೆ ಹಚ್ಚುವಂಥದ್ದು: ಅಲ್ಲಿ ನೆಲೆಸಿದ ದಕ್ಷಿಣ ಏಷ್ಯಾ ಮೂಲದ ಕುಟುಂಬಗಳ ಮಕ್ಕಳಲ್ಲಿ ಕಾಯಿಲೆಯ ಪ್ರಮಾಣ ಇತರ ಮಕ್ಕಳಿಗಿಂತ ಹೆಚ್ಚಾಗಿತ್ತು. ವಂಶವಾಹಿಗಳು ಒಂದೆರಡು ತಲೆಮಾರಿನಲ್ಲಿ ಬದಲಾಗುವುದಿಲ್ಲ. ಬದಲಾದದ್ದು ವಾಸಸ್ಥಳ, ಆಹಾರ, ಜೀವನಕ್ರಮ ಮತ್ತು ಅವುಗಳೊಡನೆ ಕರುಳಿನೊಳಗಿನ ಸೂಕ್ಷ್ಮಜೀವಿಗಳ ಬಳಗ. ಹಾಗೆಂದು ವಂಶವಾಹಿಗಳ ಪಾತ್ರವಿಲ್ಲವೆಂದಲ್ಲ. ಕ್ರೋನ್ಸ್ ಕಾಯಿಲೆಗೆ ಸಂಬಂಧಿಸಿದ ಮೊದಲ ವಂಶವಾಹಿಯಾದ ನಾಡ್-2 ಪತ್ತೆಯಾದದ್ದು 2001ರಲ್ಲಿ. ಯೂರೋಪಿನ ರೋಗಿಗಳಲ್ಲಿ ಸಾಮಾನ್ಯವಾಗಿ ಕಾಣುವ ಅದರ ವ್ಯತ್ಯಾಸಗಳು ಭಾರತೀಯರಲ್ಲಿ ತೀರ ಅಪರೂಪ.

ಎರಡು ವರ್ಷ ತುಂಬುವ ಮೊದಲೇ ಈ ಕಾಯಿಲೆ ಬಂದ ಶಿಶುಗಳ ವಿಚಾರವೇ ಬೇರೆ. ಅವರಲ್ಲಿ ಕೆಲವರಿಗೆ ಒಂದೇ ವಂಶವಾಹಿಯ ದೋಷ ಕಾರಣವಾಗಿರುತ್ತದೆ. ಉರಿಯೂತವನ್ನು ತಣಿಸುವ ಇಂಟರ್‌ಲ್ಯೂಕಿನ್-10 ಎಂಬ ರಾಸಾಯನಿಕದ ಸಂದೇಶ ಜೀವಕೋಶಗಳಿಗೆ ತಲಪದಿರುವ ದೋಷವನ್ನು 2009ರಲ್ಲಿ ಗುರುತಿಸಲಾಯಿತು. ತಂದೆತಾಯಿ ಇಬ್ಬರಿಂದಲೂ ದೋಷಯುಕ್ತ ವಂಶವಾಹಿ ಬಂದಾಗ ಮಾತ್ರ ಈ ರೋಗ ತಲೆದೋರುವುದರಿಂದ, ಸೋದರಮಾವನೊಡನೆ ಅಥವಾ ಸೋದರತ್ತೆಯ ಮಗನೊಡನೆ ಮದುವೆ ಮಾಡುವ ರೂಢಿಯುಳ್ಳ ಕುಟುಂಬಗಳಲ್ಲಿ ಅದರ ಸಂಭವ ಹೆಚ್ಚು. ಅಂಥ ಶಿಶುವಿಗೆ ಸಾಮಾನ್ಯ ಔಷಧಗಳು ನಾಟುವುದಿಲ್ಲ. ಅಸ್ಥಿಮಜ್ಜೆಯ ಕಸಿಯಿಂದ ರೋಗವೇ ಹೋಗಬಹುದು. ಆದುದರಿಂದ ಈ ವಯಸ್ಸಿನ ಮಗುವಿಗೆ ವಂಶವಾಹಿ ಪರೀಕ್ಷೆ ಅನಗತ್ಯ ಖರ್ಚಲ್ಲ.

ಇನ್ನೊಂದು ಮಾತನ್ನು ತಾಯಂದಿರ ಸಮಾಧಾನಕ್ಕಾಗಿ ಹೇಳಬೇಕು. ಈ ಕಾಯಿಲೆ ಅಂಟುಜಾಡ್ಯವಲ್ಲ. ಒಗ್ಗರಣೆಯ ಮೆಣಸಿನಕಾಯಿಯಿಂದಾಗಲಿ, ಬಾಲ್ಯದಲ್ಲಿ ಆರೈಕೆ ಕಡಿಮೆಯಾದದ್ದರಿಂದಾಗಲಿ, ಪರೀಕ್ಷೆಯ ಭಯದಿಂದಾಗಲಿ ಇದು ಹುಟ್ಟುವುದಿಲ್ಲ.

ಕಾಯಿಲೆ ಮಗುವಿನ ಮನೆಯೊಳಗೆ ಹೇಗೆ ಕಾಲಿಡುತ್ತದೆ ಎಂಬುದನ್ನು ತಿಳಿಯಲು ಹನ್ನೊಂದು ವರ್ಷದ ಹುಡುಗನೊಬ್ಬನನ್ನು ಕಲ್ಪಿಸಿಕೊಳ್ಳಬಹುದು. ಇವನು ಒಬ್ಬ ನಿರ್ದಿಷ್ಟ ಬಾಲಕನಲ್ಲ. ಅನೇಕ ಮಕ್ಕಳ ಕಥೆ ಹೀಗಿರುತ್ತದೆ. ತಂದೆ ವರ್ಗಾವಣೆಯ ನೌಕರಿಯಲ್ಲಿರುವವರು, ಧಾರವಾಡದ ಕಡೆಯವರು, ದೆಹಲಿಯಲ್ಲಿ ವಾಸ. ಹುಡುಗನಿಗೆ ಆಗಾಗ ಹೊಟ್ಟೆಯ ಬಲಭಾಗದ ಕೆಳಗೆ ನೋವು. ಭೇದಿ ಹೇಳಿಕೊಳ್ಳುವಷ್ಟಿಲ್ಲ. ಬಾಯಲ್ಲಿ ಹುಣ್ಣು ಬಂದು ಹೋಗುತ್ತಿರುತ್ತದೆ. ಉಷ್ಣವೆಂದು ಮಜ್ಜಿಗೆ ಕುಡಿಸುತ್ತಾರೆ. ಸಂಜೆ ಸಣ್ಣ ಜ್ವರ ಬರುತ್ತದೆ. ಮುಖ ಬಿಳಿಚಿಕೊಂಡಿದೆಯೆಂದು ಒಬ್ಬ ವೈದ್ಯರು ಜಂತುಹುಳುವಿನ ಮಾತ್ರೆಯನ್ನೂ, ಇನ್ನೊಬ್ಬರು ಕಬ್ಬಿಣಾಂಶದ ಟಾನಿಕ್ಕನ್ನೂ ಕೊಡುತ್ತಾರೆ. ಕಳೆದ ವರ್ಷ ಹೊಲಿಸಿದ ಶಾಲೆಯ ಷರಾಯಿ ಈ ವರ್ಷವೂ ಉದ್ದಕ್ಕೆ ಸರಿಹೊಂದುತ್ತದೆ. ಮನೆಯವರಿಗೆ ಅದೊಂದು ಉಳಿತಾಯದಂತೆ ತೋರುತ್ತದೆಯೇ ಹೊರತು, ಅದೇ ಕಾಯಿಲೆಯ ಅತ್ಯಂತ ಸ್ಪಷ್ಟವಾದ ಲಕ್ಷಣವೆಂದು ಹೊಳೆಯುವುದಿಲ್ಲ. ನೆಂಟರು ಬಂದಾಗ ‘ತಾತನ ಹಾಗೆ ಗಿಡ್ಡ’ ಎನ್ನುತ್ತಾರೆ.

ಹೊಟ್ಟೆನೋವು, ಭೇದಿ, ತೂಕ ಇಳಿಯುವುದು ಈ ಮೂರೂ ಒಟ್ಟಿಗೆ ಇದ್ದರೆ ಕ್ರೋನ್ಸ್ ಕಾಯಿಲೆಯೆಂದು ಪುಸ್ತಕಗಳು ಹೇಳುತ್ತಿದ್ದವು. ವಾಸ್ತವವಾಗಿ ಮಕ್ಕಳಲ್ಲಿ ಮೂರೂ ಒಟ್ಟಿಗಿರುವುದು ಸುಮಾರು ನಾಲ್ಕನೆಯ ಒಂದು ಭಾಗದಷ್ಟು ಮಂದಿಯಲ್ಲಿ ಮಾತ್ರ. ಉಳಿದವರಲ್ಲಿ ಕರುಳು ಮಾತನಾಡುವ ಮುನ್ನ ಎತ್ತರ ಮಾತನಾಡುತ್ತದೆ. ವಯಸ್ಕ ರೋಗಿಗೂ ಬಾಲರೋಗಿಗೂ ಇರುವ ದೊಡ್ಡ ವ್ಯತ್ಯಾಸ ಇಲ್ಲಿದೆ: ವಯಸ್ಕನು ಕಳೆದುಕೊಳ್ಳುವುದು ತೂಕವನ್ನು, ಮಗು ಕಳೆದುಕೊಳ್ಳುವುದು ಮರಳಿ ಬಾರದ ಕಾಲವನ್ನು.

ಬೆಳವಣಿಗೆ ಕುಂಠಿತವಾಗಲು ಹಸಿವು ಕಡಿಮೆಯಾಗುವುದು ಒಂದು ಕಾರಣ. ತಿಂದರೆ ನೋಯುತ್ತದೆಂದು ಮಗು ತಾನಾಗಿಯೇ ತಟ್ಟೆಯಿಂದ ಹಿಂದೆ ಸರಿಯುತ್ತದೆ. ಹುಣ್ಣಾದ ಕರುಳು ಆಹಾರವನ್ನು ಸರಿಯಾಗಿ ಹೀರಿಕೊಳ್ಳದಿರುವುದು ಎರಡನೆಯದು. ಆದರೆ ಇವೆರಡಕ್ಕಿಂತ ಗೂಢವಾದ ಮೂರನೆಯ ಕಾರಣವೊಂದಿದೆ. ಉರಿಯೂತದಿಂದ ಹೊರಡುವ ಇಂಟರ್‌ಲ್ಯೂಕಿನ್-6 ಮೊದಲಾದ ರಾಸಾಯನಿಕಗಳು, ಮೂಳೆ ಬೆಳೆಯಲು ಬೇಕಾದ ಪ್ರಚೋದಕವನ್ನು ಪಿತ್ತಜನಕಾಂಗವು ತಯಾರಿಸದಂತೆ ತಡೆಯುತ್ತವೆ. ಆದುದರಿಂದ ಬಾದಾಮಿ, ತುಪ್ಪ, ಟಾನಿಕ್ಕುಗಳನ್ನು ಎಷ್ಟು ಕೊಟ್ಟರೂ ಉರಿಯೂತ ಅಡಗದೆ ಎತ್ತರ ಏರದು. ಹುಡುಗಿಯರು ಮೈನೆರೆಯುವುದು, ಹುಡುಗರ ಧ್ವನಿ ಒಡೆಯುವುದು ಒಂದೆರಡು ವರ್ಷ ತಡವಾಗುತ್ತದೆ. ಹರೆಯದ ಕೊನೆಯಲ್ಲಿ ಮೂಳೆಗಳ ತುದಿಯ ಬೆಳವಣಿಗೆಯ ಪಟ್ಟಿಗಳು ಬೆಸೆದುಕೊಂಡ ಮೇಲೆ ಯಾವ ಔಷಧದಿಂದಲೂ ಎತ್ತರವನ್ನು ಮರಳಿ ಪಡೆಯಲಾಗುವುದಿಲ್ಲ.

ಹರೆಯಕ್ಕೆ ಮುಂಚಿನ ಆರೋಗ್ಯವಂತ ಮಗು ವರ್ಷಕ್ಕೆ 5ರಿಂದ 6 ಸೆಂಟಿಮೀಟರಿನಷ್ಟು ಬೆಳೆಯುತ್ತದೆ. 4 ಸೆಂಟಿಮೀಟರಿಗಿಂತ ಕಡಿಮೆಯಾದರೆ ವಿಚಾರಿಸಬೇಕು. ಬೆಳೆಯುವ ಮಗುವಿನಲ್ಲಿ ಒಂದು ವರ್ಷ ತೂಕ ಏರದೆ ನಿಂತರೆ ಅದು ತೂಕ ಇಳಿದುದಕ್ಕೆ ಸಮ. ವಿಷಾದದ ಸಂಗತಿಯೆಂದರೆ, ನಮ್ಮಲ್ಲಿ ಮಗುವನ್ನು ಅಳೆದು ತೂಗುವ ಕ್ರಮ ಲಸಿಕೆಯ ಕಾರ್ಡಿನೊಡನೆ, ಐದನೆಯ ವರ್ಷಕ್ಕೆ ಮುಗಿದುಹೋಗುತ್ತದೆ. ಕಾಯಿಲೆ ಹೆಚ್ಚಾಗಿ ಬರುವುದು ಆ ಬಳಿಕ. ಭಾರತೀಯ ಮಕ್ಕಳ ವೈದ್ಯರ ಸಂಘವಾದ ಇಂಡಿಯನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್ 5ರಿಂದ 18 ವರ್ಷದವರಿಗೆಂದೇ 2015ರಲ್ಲಿ ಬೆಳವಣಿಗೆಯ ನಕ್ಷೆಗಳನ್ನು ಪ್ರಕಟಿಸಿದೆ. ಒಂದು ಬಾರಿಯ ಅಳತೆಯಿಂದ ಏನೂ ತಿಳಿಯುವುದಿಲ್ಲ. ಆರು ತಿಂಗಳಿಗೊಮ್ಮೆ ಗುರುತಿಸಿದ ಚುಕ್ಕೆಗಳನ್ನು ಕೂಡಿಸಿದಾಗ ಗೆರೆ ಬಾಗಿದ್ದು ಕಾಣುತ್ತದೆ. ಗೋಡೆಯ ಮೇಲೆ ಪೆನ್ಸಿಲಿನಿಂದ ಗುರುತು ಹಾಕುವ ಹಳೆಯ ಪದ್ಧತಿಯೂ ಒಳ್ಳೆಯದೇ, ಬಾಡಿಗೆ ಮನೆ ಬದಲಿಸುವಾಗ ಆ ಗೋಡೆ ಹಿಂದೆಯೇ ಉಳಿಯುತ್ತದೆಂಬುದನ್ನು ಬಿಟ್ಟರೆ.

ಕ್ರೋನ್ಸ್ ಕಾಯಿಲೆಯ ಮುನ್ನಡೆಯನ್ನು ಮೂರು ಘಟ್ಟಗಳಾಗಿ ಅರ್ಥಮಾಡಿಕೊಳ್ಳಬಹುದು. ಮೊದಲನೆಯದು ಬರಿಯ ಉರಿಯೂತದ ಘಟ್ಟ. ಬಹುತೇಕ ಮಕ್ಕಳು ವೈದ್ಯರ ಬಳಿ ಬರುವುದು ಈ ಘಟ್ಟದಲ್ಲಿ, ಮತ್ತು ಔಷಧಗಳು ಚೆನ್ನಾಗಿ ಕೆಲಸ ಮಾಡುವುದೂ ಈ ಘಟ್ಟದಲ್ಲಿಯೇ. ಹುಣ್ಣು ಮಾಯುವುದು, ಮತ್ತೆ ಏಳುವುದು ಹೀಗೆ ವರ್ಷಗಟ್ಟಲೆ ನಡೆದರೆ ಕರುಳಿನ ಗೋಡೆಯಲ್ಲಿ ಕಲೆಗಟ್ಟಿ ಅದು ದಪ್ಪವಾಗುತ್ತದೆ, ಒಳದಾರಿ ಕಿರಿದಾಗುತ್ತದೆ. ಇದು ಎರಡನೆಯ ಘಟ್ಟ. ಊಟವಾದ ಅರ್ಧ ಮುಕ್ಕಾಲು ಗಂಟೆಗೆ ಹೊಟ್ಟೆ ಉಬ್ಬಿ ತಿರುಚಿದಂತೆ ನೋಯುವುದು, ವಾಂತಿಯಾದ ಮೇಲೆ ಹಗುರಾಗುವುದು ಇದರ ಸೂಚನೆ. ಉರಿಯೂತವನ್ನು ಔಷಧ ಕರಗಿಸಬಲ್ಲದು. ಗಟ್ಟಿಯಾದ ಕಲೆಯನ್ನು ಕರಗಿಸಲಾರದು. ಮೂರನೆಯ ಬಗೆಯಲ್ಲಿ ಹುಣ್ಣು ಗೋಡೆಯನ್ನು ತೂರಿ ಹೊರಬಂದು, ಹೊಟ್ಟೆಯೊಳಗೆ ಕೀವು ಕಟ್ಟುತ್ತದೆ, ಇಲ್ಲವೆ ಪಕ್ಕದ ಕರುಳಿಗೋ ಮೂತ್ರಕೋಶಕ್ಕೋ ಕಳ್ಳದಾರಿ ಕೊರೆಯುತ್ತದೆ. ಗುದದ್ವಾರದ ಸುತ್ತ ಇಂಥ ದಾರಿಯಾದರೆ ಅದೇ ಭಗಂದರ. ಮಕ್ಕಳಿಗೆ ಮೂಲವ್ಯಾಧಿ ಬರುವುದು ತೀರ ಕಡಿಮೆ. ಆದುದರಿಂದ ಮಗುವಿನ ಗುದದ್ವಾರದ ಬಳಿ ಕೀವುಗುಳ್ಳೆಯಾಗಲಿ, ಚರ್ಮದ ಗಂಟಾಗಲಿ, ವಾಸಿಯಾಗದ ಬಿರುಕಾಗಲಿ ಕಂಡಾಗ ಮೂಲವ್ಯಾಧಿಯ ಮುಲಾಮು ಹಚ್ಚಿ ಕಾಲ ಕಳೆಯಬಾರದು. ನಾಚಿಕೆಯಿಂದ ಮಗು ಇದನ್ನು ಹೇಳದೆಯೂ ಇರಬಹುದು.

ಅಲ್ಸರೇಟಿವ್ ಕೊಲೈಟಿಸಿನ ನಡೆ ಇಷ್ಟು ಗುಟ್ಟಿನದಲ್ಲ. ರಕ್ತ ಮತ್ತು ಆಮ ಬೆರೆತ ಭೇದಿ, ಮುಂಜಾನೆ ಎದ್ದೊಡನೆ ಅವಸರ, ರಾತ್ರಿ ನಿದ್ದೆಯಿಂದ ಎದ್ದು ಹೋಗಬೇಕಾಗುವುದು ಇವು ಕಣ್ಣಿಗೆ ಬೀಳುತ್ತವೆ. ಆದರೂ ಆಮಶಂಕೆಯೆಂದು ಅದೇ ಮಾತ್ರೆಗಳನ್ನು ತಿಂಗಳುಗಟ್ಟಲೆ ನುಂಗಿಸುವುದುಂಟು. ವಯಸ್ಕರಲ್ಲಿ ಅನೇಕರಿಗೆ ಕಾಯಿಲೆ ದೊಡ್ಡ ಕರುಳಿನ ಕೊನೆಯ ಭಾಗಕ್ಕಷ್ಟೇ ಸೀಮಿತವಾಗಿದ್ದರೆ, ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಆರಂಭದಲ್ಲಿಯೇ ಇಡೀ ದೊಡ್ಡ ಕರುಳು ಹುಣ್ಣಾಗಿರುತ್ತದೆ. ದಿನಕ್ಕೆ ಆರು ಅಥವಾ ಅದಕ್ಕಿಂತ ಹೆಚ್ಚು ಸಲ ರಕ್ತಭೇದಿಯಾಗಿ, ಜ್ವರ ಬಂದು ನಾಡಿ ಓಡುತ್ತಿದ್ದರೆ ಅದು ಆಸ್ಪತ್ರೆಗೆ ಸೇರಿಸಬೇಕಾದ ತುರ್ತು ಸ್ಥಿತಿ. ಅಂಥ ಮಗುವಿಗೆ ಭೇದಿ ನಿಲ್ಲಿಸುವ ಮಾತ್ರೆ ಕೊಡುವುದು ಅಪಾಯಕರ. ಕರುಳು ಬಲೂನಿನಂತೆ ಹಿಗ್ಗಿ ಒಡೆಯುವ ಸಂಭವವಿರುತ್ತದೆ. ರಕ್ತನಾಳದ ಮೂಲಕ ಸ್ಟೀರಾಯ್ಡ್ ಕೊಟ್ಟು ಮೂರನೆಯ ಹಾಗೂ ಐದನೆಯ ದಿನ ಪರಿಶೀಲಿಸಿ, ಗುಣ ಕಾಣದಿದ್ದರೆ ಮುಂದಿನ ಔಷಧಕ್ಕೆ ಅಥವಾ ಶಸ್ತ್ರಚಿಕಿತ್ಸೆಗೆ ವೈದ್ಯರು ನಿರ್ಧರಿಸುತ್ತಾರೆ. ಎರಡೂ ಬಗೆಗಳಲ್ಲಿ ಕೀಲುನೋವು, ಕಣ್ಣು ಕೆಂಪಾಗುವುದು, ಮೊಣಕಾಲಿನ ಕೆಳಗೆ ನೋಯುವ ಕೆಂಪು ಗಂಟುಗಳು, ಪಿತ್ತನಾಳಗಳ ಉರಿಯೂತ ಇವೂ ಜೊತೆಗೂಡಬಹುದು.

ರಕ್ತ ಪರೀಕ್ಷೆಯಿಂದ ರಕ್ತಹೀನತೆ ಹಾಗೂ ಉರಿಯೂತದ ಸುಳಿವು ಸಿಗುತ್ತದೆ. ಮಲದಲ್ಲಿರುವ ಕ್ಯಾಲ್‌ಪ್ರೊಟೆಕ್ಟಿನ್ ಎಂಬ ಪ್ರೋಟೀನನ್ನು ಅಳೆಯುವ ಪರೀಕ್ಷೆ ಈಗ ದೊಡ್ಡ ನಗರಗಳಲ್ಲಿ ಲಭ್ಯ. ಚುಚ್ಚದೆ ನೋಯಿಸದೆ ಕರುಳಿನ ಸ್ಥಿತಿಯನ್ನು ಅದು ಹೇಳುತ್ತದೆ. ಆದರೆ ಖಚಿತವಾಗಿ ತಿಳಿಯಲು ಕೊಳವೆಯ ತುದಿಯ ಕ್ಯಾಮೆರಾದಿಂದ ಕರುಳನ್ನು ನೋಡಿ, ಹಲವು ಕಡೆಗಳಿಂದ ಅಂಗಾಂಶದ ಚೂರುಗಳನ್ನು ತೆಗೆದು ಪರೀಕ್ಷಿಸಲೇಬೇಕು. ಮಕ್ಕಳಿಗೆ ಇದನ್ನು ಮತ್ತು ಬರಿಸಿ ಮಾಡುತ್ತಾರೆ. ಕೊಳವೆ ತಲಪದ ಸಣ್ಣ ಕರುಳಿನ ಭಾಗಕ್ಕೆ ಎಂ.ಆರ್. ಚಿತ್ರಣ ಉಂಟು.

ಭಾರತದಲ್ಲಿ ಇಷ್ಟರಿಂದಲೇ ಸಮಸ್ಯೆ ಮುಗಿಯುವುದಿಲ್ಲ, ಏಕೆಂದರೆ ಇಲ್ಲಿ ಕ್ಷಯವಿದೆ. ಕರುಳಿನ ಕ್ಷಯವೂ ಸಣ್ಣ ಕರುಳು ದೊಡ್ಡ ಕರುಳನ್ನು ಸೇರುವ ಅದೇ ಜಾಗದಲ್ಲಿ, ಅದೇ ನೋವು, ಅದೇ ಸಂಜೆಯ ಜ್ವರ, ಅದೇ ತೂಕನಷ್ಟದೊಡನೆ ಬರುತ್ತದೆ. ಸೂಕ್ಷ್ಮದರ್ಶಕದಲ್ಲಿಯೂ ಎರಡರ ಗುರುತುಗಳು ಹೋಲುತ್ತವೆ. ಕ್ಷಯವೆಂದು ತಿಳಿದು ಕ್ರೋನ್ಸ್ ಕಾಯಿಲೆಗೆ ತಿಂಗಳುಗಟ್ಟಲೆ ಕ್ಷಯದ ಔಷಧ ಕೊಟ್ಟರೆ ಆ ಅವಧಿಯಲ್ಲಿ ಕರುಳು ಕಲೆಗಟ್ಟುತ್ತದೆ. ಕ್ರೋನ್ಸ್ ಎಂದು ತಿಳಿದು ಕ್ಷಯರೋಗಿಗೆ ರೋಗನಿರೋಧ ಶಕ್ತಿಯನ್ನು ತಗ್ಗಿಸುವ ಔಷಧ ಕೊಟ್ಟರೆ ಕ್ಷಯ ಮೈಯೆಲ್ಲ ಹರಡಬಹುದು. ಈ ಇಕ್ಕಟ್ಟಿನಲ್ಲಿ ವೈದ್ಯರು ಕೆಲವೊಮ್ಮೆ ಕ್ಷಯದ ಚಿಕಿತ್ಸೆಯನ್ನೇ ಮೊದಲು ಆರಂಭಿಸುವುದು ತಪ್ಪಲ್ಲ. ತಪ್ಪಾಗುವುದು, ಎರಡು ತಿಂಗಳ ಬಳಿಕ ಮತ್ತೆ ಕರುಳನ್ನು ನೋಡದೆ ಬಿಡುವುದರಲ್ಲಿ. ಕ್ಷಯದ ಹುಣ್ಣಾಗಿದ್ದರೆ ಸಾಮಾನ್ಯವಾಗಿ ಆ ವೇಳೆಗೆ ಮಾಯುತ್ತಿರುತ್ತದೆ. ಕ್ರೋನ್ಸ್ ರೋಗಿಗೂ ಕ್ಷಯದ ಔಷಧದಿಂದ ತಾತ್ಕಾಲಿಕವಾಗಿ ಹಿತವೆನಿಸಬಹುದು, ಆದರೆ ಹುಣ್ಣು ಹಾಗೆಯೇ ಇರುತ್ತದೆ. ಮೇಲೆ ಹೇಳಿದ ಹುಡುಗನ ತಂದೆಗೆ ಇದೇ ಸಮಯದಲ್ಲಿ ಹೈದರಾಬಾದಿಗೆ ವರ್ಗವಾಯಿತೆಂದಿಟ್ಟುಕೊಂಡರೆ, ಎರಡನೆಯ ತಿಂಗಳ ಆ ಪರೀಕ್ಷೆ ದೆಹಲಿಗೂ ಹೈದರಾಬಾದಿಗೂ ನಡುವೆ ಎಲ್ಲಿಯೋ ಬಿದ್ದುಹೋಗುತ್ತದೆ. ಹೊಸ ವೈದ್ಯರ ಮುಂದೆ ಹಳೆಯ ಕಾಗದಗಳಿರುವುದಿಲ್ಲ. ‘ಕೋರ್ಸು ಮುಗಿಸಿ’ ಎನ್ನುತ್ತಾರೆ. ಹುಡುಗನ ಒಂದು ವರ್ಷದ ಎತ್ತರ ಹೀಗೆ ಹೋಗುತ್ತದೆ.

ಚಿಕಿತ್ಸೆಯ ವಿಷಯಕ್ಕೆ ಬಂದರೆ, ಮಕ್ಕಳ ಕ್ರೋನ್ಸ್ ಕಾಯಿಲೆಯ ಮೊದಲ ಮದ್ದು ಮದ್ದೇ ಅಲ್ಲ, ಆಹಾರ. ಆರರಿಂದ ಎಂಟು ವಾರಗಳ ಕಾಲ ಬೇರೆ ಯಾವ ಊಟವೂ ಇಲ್ಲದೆ, ಸಮತೋಲಿತ ಪೋಷಕ ಪುಡಿಯಿಂದ ತಯಾರಿಸಿದ ದ್ರವಾಹಾರವನ್ನಷ್ಟೇ ಕೊಡುವ ಈ ಕ್ರಮದಿಂದ ಬಹುಪಾಲು ಮಕ್ಕಳಲ್ಲಿ ಕಾಯಿಲೆ ಅಡಗುತ್ತದೆ. ಪರಿಣಾಮದಲ್ಲಿ ಇದು ಸ್ಟೀರಾಯ್ಡಿಗೆ ಸಮ, ಹುಣ್ಣು ಮಾಯಿಸುವುದರಲ್ಲಿ ಅದಕ್ಕಿಂತ ಮೇಲು, ಬೆಳವಣಿಗೆಗೂ ಪೋಷಕ. ಅಲ್ಸರೇಟಿವ್ ಕೊಲೈಟಿಸಿಗೆ ಇದು ನಾಟುವುದಿಲ್ಲ. ಹೇಳುವುದು ಸುಲಭ, ಮಾಡುವುದು ಕಠಿಣ. ಪಕ್ಕದಲ್ಲಿ ತಂಗಿ ದೋಸೆ ತಿನ್ನುತ್ತಿರುವಾಗ ಹನ್ನೊಂದು ವರ್ಷದ ಹುಡುಗ ಐವತ್ತು ದಿನ ಬರಿಯ ದ್ರವ ಕುಡಿದಿರುವುದೆಂದರೆ ಸಾಮಾನ್ಯ ವ್ರತವಲ್ಲ. ಹಬ್ಬಗಳಿಲ್ಲದ ತಿಂಗಳನ್ನು ಆರಿಸಿಕೊಳ್ಳುವುದು, ಮನೆಯವರೆಲ್ಲರೂ ಆ ದಿನಗಳಲ್ಲಿ ಕರಿದ ತಿಂಡಿಗಳನ್ನು ಬಿಡುವುದು ಇಂಥ ಸಣ್ಣ ಏರ್ಪಾಡುಗಳಿಂದಲೇ ಅದು ಸಾಧ್ಯವಾಗುತ್ತದೆ.

ಪ್ರೆಡ್ನಿಸೊಲೋನ್ ಮುಂತಾದ ಸ್ಟೀರಾಯ್ಡುಗಳು ಬೇಗ ಗುಣ ತೋರಿಸುತ್ತವೆ. ಹಸಿವು ಹೆಚ್ಚಿ, ಮುಖ ದುಂಡಗಾಗಿ, ಮಗು ತುಂಬಿಕೊಂಡಿತೆಂದು ಅಜ್ಜಿಗೆ ಸಂತೋಷವಾಗುತ್ತದೆ. ಆದರೆ ಆ ತುಂಬು ಮುಖ ಔಷಧದ ದುಷ್ಪರಿಣಾಮ. ದೀರ್ಘಕಾಲ ಕೊಟ್ಟರೆ ಸ್ಟೀರಾಯ್ಡು ತಾನೇ ಎತ್ತರವನ್ನು ತಡೆಯುತ್ತದೆ, ಮೂಳೆಯನ್ನು ಸವೆಸುತ್ತದೆ. ಬೆಂಕಿ ಆರಿಸಲು ಅದು ಬೇಕು. ಕಾವಲಿಗೆ ಅದು ಸಲ್ಲದು. ಹಾಗೆಂದು ತಂದೆತಾಯಿ ತಾವಾಗಿಯೇ ಒಮ್ಮೆಗೇ ನಿಲ್ಲಿಸುವಂತಿಲ್ಲ, ಹಂತಹಂತವಾಗಿ ಇಳಿಸಬೇಕು. ಕಾವಲಿಗೆ ಬೇರೆ ಔಷಧಗಳಿವೆ: ಸೌಮ್ಯ ಕೊಲೈಟಿಸಿಗೆ ಮೆಸಲಮಿನ್, ಉಳಿದಂತೆ ಅಜಾಥಯೋಪ್ರಿನ್, ಮೆಥೊಟ್ರೆಕ್ಸೇಟ್. ಅಜಾಥಯೋಪ್ರಿನ್ ಕೆಲವರಲ್ಲಿ ಬಿಳಿಯ ರಕ್ತಕಣಗಳನ್ನು ಅಪಾಯಕರ ಮಟ್ಟಕ್ಕೆ ಇಳಿಸುತ್ತದೆ. ಇದಕ್ಕೆ ಕಾರಣವಾಗುವ ನಡ್ಟ್-15 ಎಂಬ ವಂಶವಾಹಿಯ ವ್ಯತ್ಯಾಸವು ಭಾರತೀಯರೂ ಸೇರಿದಂತೆ ಏಷ್ಯಾದವರಲ್ಲಿ ಕಂಡುಬರುತ್ತದೆ. ಮೊದಲ ವಾರಗಳ ರಕ್ತ ಪರೀಕ್ಷೆಯನ್ನು ತಪ್ಪಿಸಬಾರದೆನ್ನುವುದು ಇದಕ್ಕಾಗಿಯೇ.

ಉರಿಯೂತದ ಒಂದು ಮುಖ್ಯ ರಾಸಾಯನಿಕವನ್ನೇ ಕಟ್ಟಿಹಾಕುವ ಇನ್‌ಫ್ಲಿಕ್ಸಿಮ್ಯಾಬ್ ಎಂಬ ಜೈವಿಕ ಔಷಧಕ್ಕೆ ಅಮೆರಿಕದಲ್ಲಿ 2006ರಲ್ಲಿ ಮಕ್ಕಳ ಕ್ರೋನ್ಸ್ ಕಾಯಿಲೆಗೆ ಅನುಮತಿ ದೊರೆಯಿತು. ಅದೇ ಗುಂಪಿನ ಅಡಾಲಿಮುಮ್ಯಾಬ್ 2014ರಿಂದ ಭಾರತದಲ್ಲಿಯೇ ತಯಾರಾಗುತ್ತಿರುವುದರಿಂದ ಬೆಲೆ ಇಳಿದಿದೆಯಾದರೂ ಸಾಮಾನ್ಯ ಕುಟುಂಬಕ್ಕೆ ಅದು ಇಂದಿಗೂ ಭಾರವೇ. ಅಮೆರಿಕ ಮತ್ತು ಕೆನಡಾದ 913 ಮಕ್ಕಳನ್ನು ಅನುಸರಿಸಿ ನೋಡಿದ, 2017ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಈ ಔಷಧವನ್ನು ಆರಂಭದಲ್ಲಿಯೇ ಪಡೆದವರಲ್ಲಿ ಕರುಳು ತೂತಾಗುವ ತೊಡಕು ಕಡಿಮೆಯಾಯಿತು. ಕರುಳು ಕಿರಿದಾಗುವ ತೊಡಕು ಮಾತ್ರ ಕಡಿಮೆಯಾಗಲಿಲ್ಲ. ಔಷಧದ ಶಕ್ತಿಯೂ ಮಿತಿಯೂ ಎರಡೂ ಇದರಿಂದ ತಿಳಿಯುತ್ತವೆ. ಈ ಗುಂಪಿನ ಔಷಧಗಳು ಮೈಯಲ್ಲಿ ಅಡಗಿರುವ ಕ್ಷಯವನ್ನು ಎಬ್ಬಿಸುತ್ತವೆಂದು 2001ರಲ್ಲಿಯೇ ಗೊತ್ತಾಗಿದೆ. ಆದುದರಿಂದ ಎದೆಯ ಎಕ್ಸ್‌ರೇ ಹಾಗೂ ಕ್ಷಯದ ಪರೀಕ್ಷೆಗಳಾಗದೆ ಅವನ್ನು ಆರಂಭಿಸುವಂತಿಲ್ಲ. ರೋಗನಿರೋಧ ಶಕ್ತಿಯನ್ನು ತಗ್ಗಿಸುವ ಔಷಧಗಳ ನಡುವೆ ದಡಾರ, ಸೀತಾಳೆ ಸಿಡುಬು ಮೊದಲಾದವುಗಳ ಜೀವಂತ ಲಸಿಕೆಗಳನ್ನು ಸಾಮಾನ್ಯವಾಗಿ ಕೊಡುವುದಿಲ್ಲ; ಬಾಕಿಯಿರುವ ಲಸಿಕೆಗಳ ವಿಚಾರವನ್ನು ಮೊದಲೇ ವೈದ್ಯರಲ್ಲಿ ಕೇಳಬೇಕು.

ಈ ಎಲ್ಲದರ ನಡುವೆ ಕುಟುಂಬಗಳು ಹೆಚ್ಚಾಗಿ ಎಡವುವುದು ಮಗು ಚೆನ್ನಾಗಿರುವಾಗ. ಆರು ತಿಂಗಳು ನೋವಿಲ್ಲ, ಭೇದಿಯಿಲ್ಲ. ಇನ್ನೂ ಏಕೆ ಈ ಮಾತ್ರೆ ಎಂಬ ಪ್ರಶ್ನೆ ಸಹಜ. ಕನ್ನಡದಲ್ಲಿ ವಾಸಿಯಾಗುವುದಕ್ಕೂ ಶಮನವಾಗುವುದಕ್ಕೂ ಅರ್ಥವ್ಯತ್ಯಾಸವಿದೆ. ಈ ಕಾಯಿಲೆಯಲ್ಲಿ ಸದ್ಯಕ್ಕೆ ದೊರೆಯುವುದು ಶಮನ. ಲಕ್ಷಣಗಳು ಅಡಗಿದ ಬಳಿಕವೂ ಒಳಗೆ ಹುಣ್ಣು ಬೂದಿ ಮುಚ್ಚಿದ ಕೆಂಡದಂತೆ ಉಳಿದಿರಬಹುದು. ಆದುದರಿಂದಲೇ ಈಗಿನ ವೈದ್ಯರು ಮಗುವಿನ ಮಾತಿಗಷ್ಟೇ ಒಪ್ಪದೆ, ಮಲಪರೀಕ್ಷೆ ಹಾಗೂ ಕೊಳವೆ ಪರೀಕ್ಷೆಗಳಲ್ಲಿ ಹುಣ್ಣು ಮಾಯ್ದುದು ಕಾಣಬೇಕೆಂದು ಬಯಸುತ್ತಾರೆ. ನಡುವೆ ನಿಲ್ಲಿಸಿದರೆ ಕಾಯಿಲೆ ಉಲ್ಬಣಿಸುತ್ತದೆ. ಇನ್‌ಫ್ಲಿಕ್ಸಿಮ್ಯಾಬನ್ನು ನಿಲ್ಲಿಸಿ ಮತ್ತೆ ಆರಂಭಿಸಿದರೆ ಶರೀರ ಅದನ್ನೇ ವಿರೋಧಿಸಿ ಮದ್ದು ನಾಟದೆ ಹೋಗಬಹುದು. ನೋವಿಗೆಂದು ಅಂಗಡಿಯಿಂದ ತಂದ ಐಬುಪ್ರೊಫೆನ್‌ನಂಥ ಮಾತ್ರೆಗಳೂ ಕರುಳನ್ನು ಕೆರಳಿಸುತ್ತವೆ.

ಪಥ್ಯದ ಹೆಸರಿನಲ್ಲಿ ಆಗುವ ಹಾನಿಯೂ ಸಣ್ಣದಲ್ಲ. ಹೊಟ್ಟೆಯ ರೋಗವೆಂದೊಡನೆ ಗಂಜಿ, ಮಜ್ಜಿಗೆ, ಮೆತ್ತನೆಯ ಅನ್ನಕ್ಕೆ ಮಗುವನ್ನು ಕಟ್ಟಿಹಾಕುವುದು ನಮ್ಮ ಹಳೆಯ ರೂಢಿ. ನಾಲ್ಕು ದಿನದ ಭೇದಿಗೆ ಅದು ಸರಿ, ನಾಲ್ಕು ವರ್ಷದ ಕಾಯಿಲೆಗೆ ಅದು ಉಪವಾಸವೇ. ಶಮನದ ಕಾಲದಲ್ಲಿ ಮಗು ಬೇಳೆ, ಮೊಟ್ಟೆ, ಹಾಲು, ಮನೆಯ ಅಡುಗೆ ಎಲ್ಲವನ್ನೂ ತಿನ್ನಬಹುದು. ಕರುಳು ಕಿರಿದಾಗಿರುವವರಿಗೆ ಮಾತ್ರ ನಾರು, ಸಿಪ್ಪೆ, ಬೀಜಗಳ ವಿಷಯದಲ್ಲಿ ಎಚ್ಚರಿಕೆ ಬೇಕು.

ಶಸ್ತ್ರಚಿಕಿತ್ಸೆಯನ್ನು ಸೋಲೆಂದು ತಿಳಿಯಬೇಕಾಗಿಲ್ಲ. ಸಣ್ಣ ಕರುಳಿನ ಕೊನೆಯಲ್ಲಿ ಗಟ್ಟಿಯಾದ ಒಂದು ತುಂಡನ್ನು ಹರೆಯಕ್ಕೆ ಮೊದಲೇ ತೆಗೆದುದರಿಂದ ಎತ್ತರ ಚಿಮ್ಮಿದ ಮಕ್ಕಳಿದ್ದಾರೆ. ಕ್ರೋನ್ಸ್ ಕಾಯಿಲೆ ಜೋಡಿಸಿದ ಜಾಗದ ಬಳಿ ಮರಳುವ ಸಂಭವವಿರುವುದರಿಂದ ಔಷಧ ಹಾಗೂ ತಪಾಸಣೆ ಮುಂದುವರಿಯುತ್ತವೆ. ಕೊಲೈಟಿಸಿನಲ್ಲಿ ಇಡೀ ದೊಡ್ಡ ಕರುಳನ್ನು ತೆಗೆದು, ಸಣ್ಣ ಕರುಳಿನಿಂದಲೇ ಚೀಲವೊಂದನ್ನು ರಚಿಸಿ ಗುದದ್ವಾರಕ್ಕೆ ಕೂಡಿಸುತ್ತಾರೆ. ನಡುವಿನ ಕೆಲವು ತಿಂಗಳು ಹೊಟ್ಟೆಯ ಮೇಲೆ ಹೊರಚೀಲ ಇರಬಹುದು.

ಶಾಲೆಯಲ್ಲಿ ಇಂಥ ಮಗುವಿಗೆ ಬೇಕಾಗಿರುವುದು ಒಂದೇ ರಿಯಾಯಿತಿ: ಕೇಳದೆಯೇ ಶೌಚಾಲಯಕ್ಕೆ ಹೋಗಲು ಅನುಮತಿ. ತರಗತಿಯ ಮುಂದೆ ಕೈಯೆತ್ತಿ ದಿನಕ್ಕೆ ಐದು ಬಾರಿ ಕೇಳಬೇಕಾದ ಹುಡುಗಿ ಬೆಳಗಿನ ಊಟವನ್ನೇ ಬಿಟ್ಟುಬಿಡುತ್ತಾಳೆ. ಹೆಣ್ಣುಮಕ್ಕಳ ಕಾಯಿಲೆಯನ್ನು ಮದುವೆಯ ಚಿಂತೆಯಿಂದ ಮುಚ್ಚಿಡುವ ಮನೆಗಳಿವೆ. ಕಾಯಿಲೆ ಅಡಗಿರುವ ಕಾಲದಲ್ಲಿ ಗರ್ಭ ಧರಿಸಿ ಸುಸೂತ್ರವಾಗಿ ಹೆರುವವರು ಬಹಳ ಮಂದಿ. ಮುಚ್ಚಿಟ್ಟು ಔಷಧ ತಪ್ಪಿಸಿದವರಿಗೇ ತೊಂದರೆ.

ದೊಡ್ಡ ಕರುಳಿನ ಕಾಯಿಲೆ ಆರಂಭವಾಗಿ ಎಂಟು ಹತ್ತು ವರ್ಷಗಳಾದ ಮೇಲೆ ಕ್ಯಾನ್ಸರಿನ ಸಂಭವವನ್ನು ಗಮನಿಸಲು ಕಾಲಕಾಲಕ್ಕೆ ಕೊಳವೆ ಪರೀಕ್ಷೆ ಬೇಕಾಗುತ್ತದೆ. ಹತ್ತನೆಯ ವರ್ಷದಲ್ಲಿ ರೋಗ ಬಂದವನಿಗೆ ಆ ಸರದಿ ಬರುವುದು ಇಪ್ಪತ್ತರ ಅಂಚಿನಲ್ಲಿ, ಅಂದರೆ ಅವನು ಮಕ್ಕಳ ವೈದ್ಯರನ್ನು ಬಿಟ್ಟು ದೊಡ್ಡವರ ವೈದ್ಯರ ಬಳಿಗೆ, ಬಹುಶಃ ತಂದೆತಾಯಿಯನ್ನು ಬಿಟ್ಟು ಬೇರೆ ಊರಿನ ಕಾಲೇಜಿಗೆ ಹೋಗುವ ಹೊತ್ತಿನಲ್ಲಿ. ಅಂದು ಅವನ ಕೈಯಲ್ಲಿ ಒಂದು ಕಡತವಿರಬೇಕು. ಮೊದಲ ಕೊಳವೆ ಪರೀಕ್ಷೆಯ ವರದಿ ಮತ್ತು ಚಿತ್ರಗಳು, ಅಂಗಾಂಶ ಪರೀಕ್ಷೆಯ ಫಲಿತಾಂಶ, ಕ್ಷಯದ ಪರೀಕ್ಷೆಗಳು, ಯಾವ ಔಷಧವನ್ನು ಯಾವಾಗ ಆರಂಭಿಸಿ ಏಕೆ ನಿಲ್ಲಿಸಲಾಯಿತೆಂಬ ಪಟ್ಟಿ, ಲಸಿಕೆಗಳ ಕಾರ್ಡು, ಆರು ತಿಂಗಳಿಗೊಮ್ಮೆ ಗುರುತು ಹಾಕಿದ ಎತ್ತರ ತೂಕದ ನಕ್ಷೆ ಇಷ್ಟೂ ಅದರಲ್ಲಿರಬೇಕು. ವರ್ಗಾವಣೆಯಾದಾಗ ಮನೆಯ ಸಾಮಾನುಗಳೊಡನೆ ಲಾರಿಗೆ ಹಾಕದೆ, ಪ್ರಯಾಣದಲ್ಲಿ ಕೈಚೀಲದಲ್ಲಿಯೇ ಇಟ್ಟುಕೊಳ್ಳಬೇಕಾದ ಕಡತ ಅದು.